ಕಾರು ವಿಮೆ ಕ್ಲೇಮ್ ಹಾಕುವ ಮುನ್ನ ಹಾನಿಯನ್ನು ಅಳೆಯುವುದು ಹೇಗೆ? ಕಣ್ಣಿಗೆ ಬೀಳುವ ಲಕ್ಷಣಗಳಿಂದ ಒಳಗಿನ ಪೆಟ್ಟಿನವರೆಗೆ

ಕಾರಿಗೆ ಪೆಟ್ಟು ಬಿದ್ದಾಗ ಮಾಲೀಕರು ಎರಡು ಬಗೆಯಲ್ಲಿ ಹಣ ಕಳೆದುಕೊಳ್ಳುತ್ತಾರೆ. ಬಂಪರ್ ಮೇಲಿನ ಗೀರಿಗೆಂದು ಅವಸರದಲ್ಲಿ ಕ್ಲೇಮ್ ಹಾಕಿ, ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ಸನ್ನು, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿಯನ್ನು, ಬಿಟ್ಟುಕೊಡುವವರು ಕೆಲವರು. ಹೊರಗಿನ ಗೀರನ್ನಷ್ಟೇ ನೋಡಿ, ಪರಿಚಯದ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿ, ತಿಂಗಳ ನಂತರ ಎಂಜಿನ್ ಬಿಸಿಯಾಗತೊಡಗಿದಾಗ ರೇಡಿಯೇಟರಿಗೂ ಪೆಟ್ಟಾಗಿತ್ತೆಂದು ಅರಿತು, ಅಷ್ಟರಲ್ಲಿ ಕ್ಲೇಮ್ ಹಾಕುವ ಅವಕಾಶವೂ ಕೈತಪ್ಪಿ ಹೋದವರು ಇನ್ನು ಕೆಲವರು. ಹಾನಿ ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಕ್ಲೇಮ್ ಬಗ್ಗೆ ತೀರ್ಮಾನಿಸಿದರೆ ಈ ಎರಡೂ ನಷ್ಟಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಖರ್ಚೇ ಇಲ್ಲದ ಮೊದಲ ಪರೀಕ್ಷೆ ಪಾಲಿಸಿಯನ್ನು ತೆರೆದು ನೋಡುವುದು. ಕಾನೂನು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಸ್ವಂತ ಕಾರಿನ ರಿಪೇರಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ಸ್ವಂತ ಹಾನಿಗೆ ರಕ್ಷಣೆ ನೀಡುವ ಪಾಲಿಸಿ ಇದೆಯೇ, ಅದರ ಅವಧಿ ಮುಗಿದಿಲ್ಲವೇ, ಝೀರೋ ಡೆಪ್ರಿಸಿಯೇಷನ್ (ಭಾಗಗಳು ಹಳತಾಗಿವೆಯೆಂದು ಕ್ಲೇಮ್ ಹಣದಲ್ಲಿ ಸವಕಳಿ ಕಡಿತ ಮಾಡದ ಕವರ್) ಅಥವಾ ಎಂಜಿನ್ ರಕ್ಷಣೆಯಂತಹ ಹೆಚ್ಚುವರಿ ಕವರ್‌ಗಳಿವೆಯೇ, ಕಾರಿನ ಘೋಷಿತ ಮೌಲ್ಯ ಅಂದರೆ ಐಡಿವಿ ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಯಾವುದನ್ನೂ ಮುಟ್ಟುವ ಮುನ್ನ

ಮನುಷ್ಯರಿಗೆ ಗಾಯವಾಗಿದ್ದರೆ ಕಾರಿನ ವಿಚಾರ ಅಲ್ಲಿಗೇ ನಿಲ್ಲಬೇಕು. ಆಂಬ್ಯುಲೆನ್ಸಿಗೆ 108ಕ್ಕೆ, ಪೊಲೀಸರಿಗೆ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಸಹಾಯವಾಣಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದೂ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸುವುದೂ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದೂ ಚಾಲಕರ ಹೊಣೆ. ಇಂಥ ಸಂದರ್ಭದಲ್ಲಿ ರಸ್ತೆ ಬದಿಯಲ್ಲೇ ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಡಿ.

ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಹೊಗೆ ಕಾಣುತ್ತಿದ್ದರೆ ಎಲ್ಲರೂ ಕಾರಿನಿಂದ ದೂರ ಸರಿಯಬೇಕು. ವಿದ್ಯುತ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು, ಏಕೆಂದರೆ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ಅವುಗಳಲ್ಲಿರುತ್ತದೆ.

ಅಪಾಯವಿಲ್ಲವೆಂದು ಖಚಿತವಾದ ಮೇಲೆ, ಕಾರನ್ನು ಸರಿಸುವ ಮುಂಚೆಯೇ ಫೋಟೊ ತೆಗೆಯಿರಿ. ನಾಲ್ಕೂ ಮೂಲೆಗಳಿಂದ ಇಡೀ ಕಾರು, ನಂಬರ್ ಪ್ಲೇಟ್ ಕಾಣುವಂತೆ ಪೆಟ್ಟು ಬಿದ್ದ ಭಾಗ, ಅದೇ ಭಾಗದ ಸಮೀಪದ ಚಿತ್ರ, ರಸ್ತೆ ಮತ್ತು ಸುತ್ತಲಿನ ಗುರುತುಗಳು, ಎದುರಿನ ವಾಹನ, ಓಡೋಮೀಟರ್ ಮತ್ತು ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಎಚ್ಚರಿಕೆ ದೀಪಗಳು, ಇಷ್ಟೂ ಸೇರಿರಲಿ. ನಡೆದದ್ದು ಹೇಗೆ ಎಂಬುದನ್ನು ಅಂದೇ ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಕ್ಲೇಮ್ ಅರ್ಜಿಯಲ್ಲಿ ಬರೆಯುವ ವಿವರಕ್ಕೂ ಕಾರಿನ ಮೇಲಿನ ಗುರುತುಗಳಿಗೂ ತಾಳೆಯಾಗದಿದ್ದರೆ ಹಾನಿಯನ್ನು ಅಂದಾಜಿಸಲು ಬರುವ ಸರ್ವೇಯರ್ ಪ್ರಶ್ನೆ ಎತ್ತುವುದು ಅಲ್ಲಿಯೇ.

ಲಕ್ಷಣ: ಬಂಪರ್ ಅಥವಾ ಬಾಗಿಲಿನ ಮೇಲೆ ಗೀರು, ತಗ್ಗು

ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಪೆಟ್ಟು ಮೇಲಿನ ಪಾರದರ್ಶಕ ಪದರಕ್ಕಷ್ಟೇ ಆಗಿದೆ, ಪಾಲಿಷ್ ಮಾಡಿಸಿದರೆ ಹೋಗುತ್ತದೆ. ಇದಕ್ಕೆ ಕ್ಲೇಮ್ ಬೇಡ. ಉಗುರು ಸಿಕ್ಕಿಕೊಂಡು, ಒಳಗೆ ಬೂದು ಅಥವಾ ಬಿಳಿಯ ಪ್ರೈಮರ್ ಕಂಡರೆ ಆ ಪ್ಯಾನಲ್ಲಿಗೆ ಬಣ್ಣ ಹೊಡೆಸಲೇಬೇಕಾಗುತ್ತದೆ. ಲೋಹವೇ ಕಂಡರೆ ತುಕ್ಕು ಹಿಡಿಯುವ ಮುನ್ನ ಕೆಲಸವಾಗಬೇಕು. ಕರಾವಳಿಯ ಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಈ ಲಕ್ಷಣದಲ್ಲಿ ಜನ ಹೆಚ್ಚು ಮೋಸ ಹೋಗುವುದು ಬಂಪರ್ ವಿಷಯದಲ್ಲಿ. ಇಂದಿನ ಬಂಪರ್ ಪ್ಲಾಸ್ಟಿಕ್‌ನದು. ಪೆಟ್ಟು ಬಿದ್ದಾಗ ಒಳಕ್ಕೆ ಹೋಗಿ, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಅದರ ಹಿಂದಿರುವ ಫೋಮ್, ಲೋಹದ ಪಟ್ಟಿ, ಬ್ರಾಕೆಟ್‌ಗಳು, ಎಸಿ ಕಂಡೆನ್ಸರ್, ರೇಡಿಯೇಟರ್‌ಗಳಿಗೆ ಹಾಗೆ ಮರಳುವ ಗುಣವಿಲ್ಲ. ಆದ್ದರಿಂದ ಮೊಬೈಲ್ ಟಾರ್ಚ್ ಹಿಡಿದು, ಮಂಡಿಯೂರಿ, ಬಂಪರಿನ ಕೆಳ ಅಂಚಿನಿಂದ ಮತ್ತು ಗ್ರಿಲ್‌ನ ಸಂದುಗಳಿಂದ ಒಳಗೆ ನೋಡಿ. ಹೆಡ್‌ಲೈಟ್ ಮತ್ತು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಸೇರುವ ಮೂಲೆಯಲ್ಲಿ ಬಂಪರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ಸಡಿಲವಾಗಿ ಆಡಿದರೆ ಒಳಗಿನ ಕ್ಲಿಪ್ ಅಥವಾ ಬ್ರಾಕೆಟ್ ಮುರಿದಿದೆ. ಹೆಡ್‌ಲೈಟ್ ನೋಡಲು ಸರಿಯಾಗಿದ್ದರೂ ಅದರ ಹಿಂದಿನ ಪ್ಲಾಸ್ಟಿಕ್ ಕಿವಿಗಳು ಮುರಿದಿರಬಹುದು. ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ಎರಡೂ ದೀಪಗಳ ಬೆಳಕು ಒಂದೇ ಎತ್ತರಕ್ಕೆ ಬೀಳುತ್ತಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಎಸಿ ಹಾಕಿದಾಗ ತಂಪು ಬರುತ್ತದೆಯೇ, ಪಾರ್ಕಿಂಗ್ ಸೆನ್ಸರ್ ಮತ್ತು ಹಿಂಬದಿ ಕ್ಯಾಮೆರಾ ಕೆಲಸ ಮಾಡುತ್ತಿವೆಯೇ ಎಂಬುದನ್ನೂ ಇದೇ ಹೊತ್ತಿಗೆ ಪರೀಕ್ಷಿಸಿ.

ಹಳೆಯ ತಗ್ಗುಗಳನ್ನು ಹೊಸ ಅಪಘಾತದೊಂದಿಗೆ ಸೇರಿಸುವ ಸಲಹೆ ಕೆಲವು ಗ್ಯಾರೇಜುಗಳಿಂದ ಬರುತ್ತದೆ. ಒಪ್ಪಬೇಡಿ. ಹಳೆಯ ಗೀರಿನಲ್ಲಿ ಧೂಳು ಕೂತಿರುತ್ತದೆ, ಲೋಹ ಕಂಡ ಕಡೆ ತುಕ್ಕಿರುತ್ತದೆ, ಪೆಟ್ಟಿನ ದಿಕ್ಕೂ ಬೇರೆಯಾಗಿರುತ್ತದೆ; ದಿನವೂ ಇದನ್ನೇ ನೋಡುವ ಸರ್ವೇಯರ್ ಅದನ್ನು ಕ್ಷಣದಲ್ಲಿ ಗುರುತಿಸುತ್ತಾರೆ. ಸುಳ್ಳು ವಿವರ ಕೊಟ್ಟದ್ದು ಸಾಬೀತಾದರೆ ಇಡೀ ಕ್ಲೇಮ್ ತಿರಸ್ಕೃತವಾಗುವ ಅಪಾಯವಿದೆ.

ಲಕ್ಷಣ: ಬಾನೆಟ್, ಬಾಗಿಲು ಅಥವಾ ಡಿಕ್ಕಿ ಮೊದಲಿನಂತೆ ಮುಚ್ಚುತ್ತಿಲ್ಲ

ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಎಡಗಡೆಯೂ ಬಲಗಡೆಯೂ ಒಂದೇ ಅಗಲವಿರಬೇಕು. ಪೆಟ್ಟು ಬೀಳದ ಬದಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಇನ್ನೊಂದು ಬದಿಯನ್ನು ಹೋಲಿಸಿ. ಮುಂದಿನ ಬಾಗಿಲು ತೆರೆಯುವಾಗ ಫೆಂಡರಿಗೆ ಉಜ್ಜಿದರೆ, ಮುಚ್ಚುವಾಗ ಎತ್ತಿ ಒತ್ತಬೇಕಾದರೆ, ಡಿಕ್ಕಿಯ ಒಂದು ಬದಿ ಮೇಲೆದ್ದಿದ್ದರೆ ಪೆಟ್ಟು ಹೊರಗಿನ ತಗಡನ್ನು ದಾಟಿ ಕಾರಿನ ಅಸ್ಥಿಪಂಜರಕ್ಕೆ ತಲುಪಿದೆ ಎಂದು ಸಂಶಯಪಡಬೇಕು.

ಬಾನೆಟ್ ತೆರೆದು, ಎಂಜಿನ್ನಿನ ಎರಡೂ ಬದಿಯಲ್ಲಿ ಶಾಕ್ ಅಬ್ಸಾರ್ಬರ್ ಮೇಲ್ತುದಿಯ ಸುತ್ತ ಇರುವ ಲೋಹದ ಭಾಗವನ್ನು ನೋಡಿ. ಗ್ಯಾರೇಜಿನವರು ಇದನ್ನು ಏಪ್ರನ್ ಎನ್ನುತ್ತಾರೆ. ಅಲ್ಲಿ ಎರಡು ತಗಡುಗಳು ಸೇರುವ ಕಡೆ ಬಳಿದಿರುವ ಸೀಲಂಟ್ ಕೂದಲೆಳೆಯಷ್ಟು ಬಿರಿದಿದ್ದರೂ, ಬಣ್ಣ ಸಣ್ಣ ಚಕ್ಕೆಗಳಾಗಿ ಎದ್ದಿದ್ದರೂ ಒಳಗಿನ ಲೋಹ ಮಡಚಿರುವ ಸಾಧ್ಯತೆ ಹೆಚ್ಚು. ಡಿಕ್ಕಿಯಲ್ಲಾದರೆ ಸ್ಟೆಪ್ನಿ ತೆಗೆದು, ಅದರ ಕೆಳಗಿನ ತಗಡಿನಲ್ಲಿ ಹೊಸ ಸುಕ್ಕುಗಳಿವೆಯೇ ನೋಡಿ.

ಇಲ್ಲಿಗೆ ಮನೆಯ ಪರೀಕ್ಷೆ ಮುಗಿಯಿತು. ಏಪ್ರನ್, ಪಿಲ್ಲರ್, ಛಾಸಿಗೆ ಪೆಟ್ಟಾಗಿದ್ದರೆ ಕಾರಿನ ಚೌಕಟ್ಟನ್ನು ಅಳೆದು ನೋಡುವ ಬೆಂಚ್ ಇರುವ ಬಾಡಿ ಶಾಪಿಗೇ ಹೋಗಬೇಕು, ಏಕೆಂದರೆ ಮುಂದಿನ ಅಪಘಾತದಲ್ಲಿ ಒಳಗಿರುವವರನ್ನು ಕಾಯುವುದು ಈ ಭಾಗಗಳೇ. ಇಂಥ ಹಾನಿಗೆ ಕ್ಲೇಮ್ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯೇ ಬರುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಲಕ್ಷಣ: ಕಾರಿನ ಕೆಳಗೆ ದ್ರವ ಸೋರುತ್ತಿದೆ

ಬಿಳಿ ರಟ್ಟನ್ನು ಕೆಳಗೆ ಹಾಸಿ, ಕಾಲು ಗಂಟೆ ಬಿಟ್ಟು ನೋಡಿ. ಎಸಿ ಹಾಕಿದ್ದಾಗ ತೊಟ್ಟಿಕ್ಕುವ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಸಹಜವಾದುದು. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ, ಸ್ವಲ್ಪ ಸಿಹಿ ವಾಸನೆಯ ದ್ರವ ಕೂಲಂಟ್; ರೇಡಿಯೇಟರ್ ಅಥವಾ ಅದರ ಹೋಸ್‌ಗೆ ಪೆಟ್ಟಾಗಿದೆ. ಕಂದು ಅಥವಾ ಕಪ್ಪು ಬಣ್ಣದ ಜಿಡ್ಡು ಎಂಜಿನ್ ಆಯಿಲ್. ಚಕ್ರದ ಒಳಬದಿಯಲ್ಲಿ ಕಾಣುವ ತೆಳು ಹಳದಿ, ನುಣುಪಾದ ದ್ರವ ಬ್ರೇಕ್ ಆಯಿಲ್ ಆಗಿರುವ ಸಾಧ್ಯತೆ ಹೆಚ್ಚು. ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಆ ಕಾರನ್ನು ಒಂದು ಅಡಿಯೂ ಓಡಿಸಬಾರದು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳವನ್ನು ತೆಗೆಯಬಾರದು. ಒತ್ತಡದಲ್ಲಿರುವ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ.

ಎತ್ತರದ ಹಂಪ್, ಕಲ್ಲು ಅಥವಾ ಮುರಿದ ಡಿವೈಡರಿಗೆ ಕಾರಿನ ಅಡಿಭಾಗ ತಾಗಿದಾಗ ಆಯಿಲ್ ತುಂಬಿರುವ ತಟ್ಟೆ, ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ ಚೇಂಬರ್, ಸೀಳುತ್ತದೆ. ಚೇಂಬರ್ ಒಡೆದದ್ದು ಅಪಘಾತದ ಹಾನಿ, ಅದಕ್ಕೆ ಕ್ಲೇಮ್ ಸಿಗುತ್ತದೆ. ಆಯಿಲ್ ದೀಪ ಉರಿಯುತ್ತಿದ್ದರೂ ಮನೆಯವರೆಗೆ ಓಡಿಸಿ ಎಂಜಿನ್ ಸೀಜ್ ಆದರೆ, ಅದು ನಂತರದ ಅಜಾಗರೂಕತೆಯಿಂದ ಆದ ಪರಿಣಾಮ ನಷ್ಟವೆಂದು ಹೇಳಿ ವಿಮಾ ಕಂಪನಿ ನಿರಾಕರಿಸುತ್ತದೆ. ಹಾಗಾಗಿ ಅಡಿಗೆ ಏಟು ಬಿದ್ದ ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸೋರಿಕೆಯಿದ್ದರೆ ಟೋ ಮಾಡಿಸಿ. ಟೋ ವಾಹನದ ರಸೀದಿಯನ್ನೂ ಎತ್ತಿಡಿ.

ಲಕ್ಷಣ: ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದೆ, ನಡುಗುತ್ತಿದೆ

ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಟೈರಿನ ಪಕ್ಕದ ಗೋಡೆಯ ಮೇಲೆ ಕೈಯಾಡಿಸಿ. ಅಲ್ಲಿ ಗುಬುಟು ಎದ್ದಿದ್ದರೆ ಒಳಗಿನ ಎಳೆಗಳು ತುಂಡಾಗಿವೆ, ವೇಗದಲ್ಲಿ ಟೈರ್ ಸಿಡಿಯಬಹುದು, ಸ್ಟೆಪ್ನಿ ಹಾಕಿಯೇ ಮುಂದೆ ಹೋಗಬೇಕು. ರಿಮ್ ಅಂಚು ಬಾಗಿದೆಯೇ ಎಂಬುದನ್ನೂ ಗಮನಿಸಿ. ನೇರ ರಸ್ತೆಯಲ್ಲಿ ಹೋಗುವಾಗಲೂ ಸ್ಟೀರಿಂಗ್ ಓರೆಯಾಗಿ ನಿಂತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅದರ ಮುದ್ರಿತ ವರದಿಯನ್ನು ಕೇಳಿ ಪಡೆಯಿರಿ. ಕೆಲವೇ ನೂರು ರೂಪಾಯಿಯ ಕೆಲಸ ಇದು. ಅಳತೆ ಹೊಂದಾಣಿಕೆಗೇ ಬರುತ್ತಿಲ್ಲವೆಂದು ವರದಿ ಹೇಳಿದರೆ ಚಕ್ರ ಮತ್ತು ಸ್ಟೀರಿಂಗಿಗೆ ಸೇರಿದ ಲೋಯರ್ ಆರ್ಮ್, ಟೈ ರಾಡ್ ಅಥವಾ ಸಬ್‌ಫ್ರೇಮ್ ಬಾಗಿದೆ ಎಂಬುದಕ್ಕೆ ಆ ಕಾಗದವೇ ಸಾಕ್ಷಿಯಾಗುತ್ತದೆ.

ಗುಂಡಿಗೆ ಬಿದ್ದು ಟೈರ್ ಮಾತ್ರ ಹಾಳಾಗಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದಿಲ್ಲ. ಅದೇ ಘಟನೆಯಲ್ಲಿ ಕಾರಿನ ಬೇರೆ ಭಾಗಕ್ಕೂ ಹಾನಿಯಾಗಿದ್ದರೆ ಮಾತ್ರ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ.

ಲಕ್ಷಣ: ಗಾಜು ಬಿರುಕು ಬಿಟ್ಟಿದೆ

ಗಾಜಿಗೆ ಸವಕಳಿ ಕಡಿತವಿಲ್ಲ. ಮುಂದಿನ ಗಾಜಿನ ಮೇಲೆ ಕಲ್ಲು ಸಿಡಿದು ಆದ ಚುಕ್ಕಿಯನ್ನು ಅಂಟು ತುಂಬಿಸಿ ಸರಿಪಡಿಸಬಹುದು. ಚಾಲಕರ ನೋಟಕ್ಕೆ ಅಡ್ಡ ಬರುವ ಅಥವಾ ಅಂಚಿನವರೆಗೆ ಓಡಿರುವ ಬಿರುಕಾದರೆ ಗಾಜನ್ನೇ ಬದಲಿಸಬೇಕು. ಗಾಜಿನ ಮೇಲೆ ಚಾಲನಾ ಸಹಾಯಕ ಕ್ಯಾಮೆರಾ ಇದ್ದರೆ ಅದರ ಮರು ಹೊಂದಾಣಿಕೆಯ ಖರ್ಚೂ ಎಸ್ಟಿಮೇಟಿನಲ್ಲಿ ಬರಬೇಕು.

ಲಕ್ಷಣ: ಏರ್‌ಬ್ಯಾಗ್ ದೀಪ ಆರುತ್ತಿಲ್ಲ

ಕೀ ತಿರುಗಿಸಿದಾಗ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕಾದ ದೀಪ ಹಾಗೆಯೇ ಉಳಿದರೆ, ಮುಂದಿನ ಪೆಟ್ಟಿಗೆ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆಂಬ ಭರವಸೆ ಇಲ್ಲ. ಸೀಟ್ ಬೆಲ್ಟನ್ನು ಎಳೆದು ನೋಡಿ. ಬಿಗಿಯಾಗಿ ಸಿಕ್ಕಿಕೊಂಡಿದ್ದರೆ, ಪೆಟ್ಟು ಬಿದ್ದಾಗ ಬೆಲ್ಟನ್ನು ಬಿಗಿಗೊಳಿಸುವ ಪ್ರಿಟೆನ್ಷನರ್ ಸಿಡಿದಿರಬಹುದು. ಇಲ್ಲಿ ಸ್ವಂತ ಪರೀಕ್ಷೆ ಬೇಡ, ಸ್ಟೀರಿಂಗಿನ ನಡುವಿನ ಭಾಗವನ್ನು ಬಿಚ್ಚುವುದಂತೂ ಬೇಡವೇ ಬೇಡ. ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿಸಿ, ಅದರ ಫೋಟೊ ಇಟ್ಟುಕೊಳ್ಳಿ, ಸರ್ವೆ ಮುಗಿಯುವ ತನಕ ಕೋಡ್ ಅಳಿಸಲು ಬಿಡಬೇಡಿ.

ಲಕ್ಷಣ: ಕಾರಿನೊಳಗೆ ನೀರು ಹೊಕ್ಕಿದೆ

2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತಮುತ್ತ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದವು. ನಿಂತ ಕಾರಿಗೆ ನೀರು ನುಗ್ಗಿದರೆ ಹಾನಿಯ ಪ್ರಮಾಣ ಬಹುಮಟ್ಟಿಗೆ ನಿರ್ಧಾರವಾಗುವುದು ನೀರು ಇಳಿದ ನಂತರ ಮಾಲೀಕರು ಏನು ಮಾಡುತ್ತಾರೆ ಎಂಬುದರ ಮೇಲೆ. ಸ್ಟಾರ್ಟ್ ಮಾಡಬೇಡಿ. ಒಂದೇ ಒಂದು ಬಾರಿ ಪರೀಕ್ಷೆಗೆಂದೂ ಕೀ ತಿರುಗಿಸಬೇಡಿ, ಬಟನ್ ಒತ್ತಬೇಡಿ, ತಳ್ಳಿ ಸ್ಟಾರ್ಟ್ ಮಾಡಿಸಬೇಡಿ.

ಕಾರಣ ಹೀಗಿದೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿ ಕುಗ್ಗಿ ಜಾಗ ಕೊಡುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿಯ ದಾರಿಯಿಂದ ನೀರು ಸಿಲಿಂಡರಿಗೆ ಇಳಿದಿರುವಾಗ ಎಂಜಿನ್ ತಿರುಗಿಸಿದರೆ ಪಿಸ್ಟನ್ ನಡುದಾರಿಯಲ್ಲೇ ತಡೆದು ನಿಂತು, ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ನೆರೆಯಿಂದಾದ ಹಾನಿಗೆ ಪಾಲಿಸಿಯಲ್ಲಿ ರಕ್ಷಣೆ ಇದ್ದರೂ, ಸ್ಟಾರ್ಟ್ ಮಾಡಿದ್ದರಿಂದ ಆದ ಈ ಎಂಜಿನ್ ಹಾನಿಯನ್ನು ಪರಿಣಾಮ ನಷ್ಟವೆಂದು ಕೈಬಿಡಲಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದವರ ಸ್ಥಿತಿ ಮಾತ್ರ ಬೇರೆ.

ಮಾಡಬೇಕಾದ್ದು ಇಷ್ಟು. ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತು ಬಾಗಿಲಿನ ಒಳಬದಿಯ ಪ್ಯಾಡಿನ ಮೇಲೆ, ಸೀಟಿನ ಬಟ್ಟೆಯ ಮೇಲೆ ಕೆಸರಿನ ತೆಳು ಗೆರೆಯಾಗಿ ಉಳಿದಿರುತ್ತದೆ. ಒರೆಸುವ ಮುನ್ನ ಅದರ ಪಕ್ಕ ಅಳತೆಯ ಟೇಪ್ ಹಿಡಿದು ಫೋಟೊ ತೆಗೆಯಿರಿ. ನೀರು ಕಾರ್ಪೆಟ್ಟಿನ ಮಟ್ಟದಲ್ಲೇ ನಿಂತಿದ್ದರೆ ಒಣಗಿಸುವುದು, ಸ್ವಚ್ಛಗೊಳಿಸುವುದು, ಸೀಟಿನ ಕೆಳಗಿನ ವೈರಿಂಗ್ ಪರೀಕ್ಷೆ ಸಾಕಾಗಬಹುದು. ಸೀಟಿನ ಮಟ್ಟ ತಲುಪಿದ್ದರೆ ಎಲೆಕ್ಟ್ರಾನಿಕ್ ಭಾಗಗಳ ಬಗ್ಗೆ ಚಿಂತಿಸಬೇಕು. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ರಿಪೇರಿ ವೆಚ್ಚ ಐಡಿವಿಯ ಶೇ. 75ನ್ನು ದಾಟಿ ಕಾರು ಪೂರ್ಣ ನಷ್ಟವೆಂದು ಪರಿಗಣಿತವಾಗುವ ಸಾಧ್ಯತೆಯಿದೆ. ಕಾರಿನ ಸುತ್ತ ನೀರಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬಹುದು. ವಿದ್ಯುತ್ ಕಾರಿನಲ್ಲಿ ಅದಕ್ಕೂ ಕೈ ಹಾಕದೆ ಕಂಪನಿಯವರನ್ನೇ ಕರೆಸಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಎಂಜಿನ್ನಿಗೆ ಇಳಿದಿದೆ. ಸಾಗಿಸಲು ಚಪ್ಪಟೆ ಹಾಸಿನ ಟೋ ಲಾರಿಯನ್ನೇ ಕೇಳಿ, ಆಟೊಮ್ಯಾಟಿಕ್ ಗೇರಿನ ಕಾರಿಗಂತೂ ಇದು ಅಗತ್ಯ.

ಓಡುತ್ತಿರುವ ಕಾರಾದರೆ ನಿಂತ ನೀರಿನ ಅಂಡರ್‌ಪಾಸಿಗೆ ಇಳಿಸಲೇಬಾರದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು.

ಕ್ಲೇಮ್ ಹಾಕಬೇಕೇ? ಲೆಕ್ಕ ಹೀಗೆ

ಹಾನಿಯ ಪಟ್ಟಿ ಸಿದ್ಧವಾದ ಮೇಲೆ ಅಧಿಕೃತ ವರ್ಕ್‌ಶಾಪಿನಿಂದ ಭಾಗವಾರು ಎಸ್ಟಿಮೇಟ್ ಪಡೆಯಿರಿ. ಝೀರೋ ಡೆಪ್ರಿಸಿಯೇಷನ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರ್, ಏರ್‌ಬ್ಯಾಗ್‌ಗಳಿಗೆ ಶೇ. 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30 ಕಡಿತವಾಗುತ್ತದೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಕಡಿತ: ಮೊದಲ ಆರು ತಿಂಗಳು ಇಲ್ಲ, ಎರಡರಿಂದ ಮೂರು ವರ್ಷದ ಕಾರಿಗೆ ಶೇ. 15, ಐದರಿಂದ ಹತ್ತು ವರ್ಷದ ಕಾರಿಗೆ ಶೇ. 40. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯೆಂದು ಎಣಿಸಿ, ಅದರ ಅರ್ಧವನ್ನು ಕಳೆಯುತ್ತಾರೆ. ಕೊನೆಗೆ, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ: 1500 ಸಿಸಿವರೆಗಿನ ಕಾರಿಗೆ 1,000 ರೂ., ಅದಕ್ಕಿಂತ ದೊಡ್ಡದಕ್ಕೆ 2,000 ರೂ.

ಉದಾಹರಣೆಗೆ ಸಣ್ಣ ಕಾರೊಂದಕ್ಕೆ ಬಂಪರ್ 8,000, ಬಣ್ಣ 6,000, ಕೂಲಿ 1,500, ಒಟ್ಟು 15,500 ರೂ. ಎಸ್ಟಿಮೇಟ್ ಬಂದಿದೆ ಎನ್ನೋಣ. ಬಂಪರಿಗೆ 4,000, ಬಣ್ಣಕ್ಕೆ 5,250, ಕೂಲಿಗೆ 1,500 ಸೇರಿ 10,750 ಆಗಿ, 1,000 ಕಳೆದು ಕೈಗೆ ಸಿಗುವುದು 9,750 ರೂ. ಜಿಎಸ್‌ಟಿಯನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನು ಕಳೆದುಕೊಳ್ಳುವುದರ ಲೆಕ್ಕ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ. 20, ಮುಂದೆ 25, 35, 45, ಐದು ವರ್ಷವಾದ ಮೇಲೆ ಶೇ. 50 ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮ್ ಅದನ್ನು ಸೊನ್ನೆಗೆ ಇಳಿಸುತ್ತದೆ. ಮೂಲ ಪ್ರೀಮಿಯಂ 12,000 ರೂ. ಇದ್ದು ನೀವು ಶೇ. 50ರ ಹಂತದಲ್ಲಿದ್ದರೆ, ಈ ಕ್ಲೇಮ್ ನಂತರ ಕ್ರಮವಾಗಿ 6,000, 3,600, 3,000, 1,800 ಮತ್ತು 600 ರೂ. ಹೆಚ್ಚಿಗೆ ಕಟ್ಟಬೇಕಾಗುತ್ತದೆ. ಐದು ವರ್ಷಕ್ಕೆ 15,000 ರೂ. ವಾಸ್ತವದಲ್ಲಿ ಐಡಿವಿ ಇಳಿದಂತೆ ಪ್ರೀಮಿಯಮ್ಮೂ ಇಳಿಯುವುದರಿಂದ ಮೊತ್ತ ಸ್ವಲ್ಪ ಕಡಿಮೆಯಾಗಬಹುದು. ಆದರೂ 9,750 ರೂಪಾಯಿಗಾಗಿ ಈ ಕ್ಲೇಮ್ ಹಾಕದಿರುವುದೇ ಲೇಸು. ಇದೇ ಕಾರಿನ ಬಂಪರ್ ಹಿಂದೆ ರೇಡಿಯೇಟರ್ ಮತ್ತು ಕಂಡೆನ್ಸರ್ ಒಡೆದಿರುವುದು ಟಾರ್ಚ್ ಬೆಳಕಿನಲ್ಲಿ ಕಂಡಿದ್ದರೆ ತೀರ್ಮಾನ ತಿರುವುಮುರುವಾಗುತ್ತಿತ್ತು. ಬೋನಸ್ ಉಳಿಸುವ ಹೆಚ್ಚುವರಿ ಕವರ್ ಇದ್ದವರು ಅದರ ಷರತ್ತು ಓದಿ ಬೇರೆ ಲೆಕ್ಕ ಹಾಕಬೇಕು.

ಸಂಶಯವಿದ್ದಾಗ ಮತ್ತು ಸರ್ವೆಯ ಹೊತ್ತಿಗೆ

ಈ ಪರೀಕ್ಷೆಗಳೆಲ್ಲ ಒಂದು ದಿನದೊಳಗೆ ಮುಗಿಯಬೇಕು, ಏಕೆಂದರೆ ಅಪಘಾತವಾದ ಕೂಡಲೇ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು. ಒಳಹಾನಿಯ ಬಗ್ಗೆ ಸ್ವಲ್ಪವಾದರೂ ಸಂಶಯವಿದ್ದರೆ ತಡಮಾಡದೆ ಕಂಪನಿಗೆ ತಿಳಿಸಿ. ಅಂದಾಜು ನಷ್ಟ 50,000 ರೂ. ದಾಟಿದಾಗ ಪರವಾನಗಿ ಪಡೆದ ಸರ್ವೇಯರ್ ಬರುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಕಂಪನಿಯ ಸಿಬ್ಬಂದಿ ಬರಬಹುದು ಅಥವಾ ವಿಡಿಯೊ ಮೂಲಕ ನೋಡಬಹುದು. ಅವರು ನೋಡುವ ಮುನ್ನ ಯಾವ ಭಾಗವನ್ನೂ ಬಿಚ್ಚಿಸಬೇಡಿ, ಬಿಚ್ಚಿದ ಮೇಲೆ ಹೊಸ ಹಾನಿ ಕಂಡರೆ ಕೆಲಸ ನಿಲ್ಲಿಸಿ ಪೂರಕ ಎಸ್ಟಿಮೇಟ್ ಕಳುಹಿಸಿ ಒಪ್ಪಿಗೆ ಪಡೆಯಲು ವರ್ಕ್‌ಶಾಪಿಗೆ ಹೇಳಿ. ಬದಲಿಸಿದ ಹಳೆಯ ಭಾಗಗಳನ್ನು ಮರುಪರಿಶೀಲನೆ ಮುಗಿಯುವವರೆಗೆ ಎಸೆಯಬಾರದು.

ಕಂಪನಿ ಯಾವುದಾದರೂ ಭಾಗವನ್ನು ಕೈಬಿಟ್ಟರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಸರ್ವೆ ವರದಿಯ ಪ್ರತಿಯನ್ನೂ ಕೇಳಿ. ಕಂಪನಿಗೆ ಕೊಟ್ಟ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಮೊದಲ ದಿನ ತೆಗೆದ ಫೋಟೊಗಳು, ಅಲೈನ್‌ಮೆಂಟ್ ವರದಿ, ಸ್ಕ್ಯಾನರ್ ಕೋಡ್, ಟೋ ರಸೀದಿಗಳನ್ನು ದೂರಿನೊಂದಿಗೆ ಲಗತ್ತಿಸಿ.